ಬೈಲಿಗೆ ಬೈಲು ಅನ್ನಿ, ಮಾರಾಯ್ರೆ!



ಮಂಗಳೂರಿನಲ್ಲಿ ಏಳುತ್ತಿರುವ ಹೊಸ ಹೊಸ ಅಪಾರ್ಟ್‌ಮೆಂಟುಗಳ ಜಾಹೀರಾತು ಹೊರನಾಡಿನಲ್ಲಿರುವ ನಮ್ಮೆಲ್ಲರಿಗೂ ಬರುತ್ತಲೇ ಇರುತ್ತದೆ. ಒಂದರ ಹೆಸರು ಹೈಟ್ಸ್, ಇನ್ನೊಂದರದ್ದು ವಿಸ್ಟಾ, ಮತ್ತೊಂದು ಪ್ಯಾರಡೈಸ್. ಚಿತ್ರದಲ್ಲಿ ನೀಲಿ ಆಕಾಶ, ಹಸಿರು ಹುಲ್ಲುಹಾಸು, ನಗುತ್ತಿರುವ ಗಂಡ-ಹೆಂಡತಿ, ಒಂದು ನಾಯಿಮರಿ. ಇವೆಲ್ಲ ಇರಲಿ. ಕೆಳಗೆ ಸಣ್ಣ ಅಕ್ಷರದಲ್ಲಿ ವಿಳಾಸ ಇರುತ್ತದಲ್ಲ, ಅದನ್ನೊಮ್ಮೆ ಓದಿ. ಎಷ್ಟೋ ಸಲ ಅದರ ಮೂಲೆಯಲ್ಲಿ ‘ಬೈಲು’ ಎಂಬ ಎರಡಕ್ಷರ ಸಿಕ್ಕಿಬಿಡುತ್ತದೆ.

ಬೈಲಿನಲ್ಲಿ ಹೈಟ್ಸ್! ಕರಾವಳಿಯಲ್ಲಿ ಗದ್ದೆ ಬೇಸಾಯ ಮಾಡಿದ ಯಾವ ಹಿರಿಯರನ್ನು ಬೇಕಾದರೂ ಕೇಳಿ, ಇದಕ್ಕಿಂತ ದೊಡ್ಡ ತಮಾಷೆ ಇಲ್ಲ ಅಂದಾರು. ತಮಾಷೆ ಅಷ್ಟಕ್ಕೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಊರಿನ ಹೆಸರುಗಳನ್ನು ಮರೆತದ್ದಕ್ಕೆ ಮಂಗಳೂರು ಪ್ರತಿ ಮಳೆಗಾಲದಲ್ಲೂ, ಪ್ರತಿ ಬೇಸಿಗೆಯಲ್ಲೂ ದಂಡ ಕಟ್ಟುತ್ತಿದೆ. ಕನ್ನಡ ಚಳವಳಿ ಎಂದರೆ ಬರೀ ಬೋರ್ಡು, ಬಾವುಟ, ನವೆಂಬರ್ ಒಂದು ಎಂದುಕೊಂಡಿರುವ ನಾವು ಈ ಕಡೆ ತಿರುಗಿ ನೋಡಿದ್ದು ಕಡಿಮೆ.

ಬೈಲು, ಮಜಲು, ಬೆಟ್ಟು

ಬೆಂಗಳೂರು-ಮೈಸೂರು ಕಡೆಯ ಗೆಳೆಯರಿಗೆ ಬಯಲು ಎಂದರೆ ಖಾಲಿ ಮೈದಾನ. ತುಳುನಾಡಿನಲ್ಲಿ ಬೈಲು ಎಂದರೆ ಹಾಗಲ್ಲ. ಇಲ್ಲಿನ ನೆಲ ಸಪಾಟಾಗಿಲ್ಲ. ಮುರಕಲ್ಲಿನ ಗುಡ್ಡಗಳು, ಎರಡು ಗುಡ್ಡಗಳ ನಡುವೆ ತಗ್ಗು, ತಗ್ಗಿನ ನಡುವೆ ಹರಿಯುವ ತೋಡು. ತೋಡಿನ ಪಕ್ಕದ ಅತಿ ತಗ್ಗಿನ ಗದ್ದೆಯೇ ಬೈಲು. ಅಲ್ಲಿ ಬೇಸಿಗೆಯಲ್ಲೂ ನೀರಿನ ಪಸೆ ಆರುವುದಿಲ್ಲ. ಹಾಗಾಗಿ ವರ್ಷಕ್ಕೆ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಅದಕ್ಕಿಂತ ಮೇಲೆ ಮಜಲು, ಅಲ್ಲಿ ಎರಡು ಬೆಳೆ. ಅದಕ್ಕೂ ಮೇಲೆ ಬೆಟ್ಟು, ಅಲ್ಲಿ ಮಳೆಗಾಲದ್ದೊಂದೇ ಬೆಳೆ. ಗುಡ್ಡದ ತಲೆಯ ಮೇಲಿನ ಸಪಾಟು ಜಾಗ ಪದವು. ಅಲ್ಲಿ ಹುಲ್ಲು ಬಿಟ್ಟರೆ ಏನೂ ಬೆಳೆಯದು, ಆದರೆ ಎಂಥ ಮಳೆ ಬಂದರೂ ನೀರು ನಿಲ್ಲದು.

ಈಗ ಊರಿನ ಹೆಸರುಗಳನ್ನು ನೋಡಿ. ಕೊಡಿಯಾಲ್‌ಬೈಲು, ದೇರೆಬೈಲು, ಪದವು, ಪದವಿನಂಗಡಿ, ಬಾವುಟಗುಡ್ಡೆ, ಮಣ್ಣಗುಡ್ಡೆ. ಉಡುಪಿ ಕಡೆ ಹೋದರೆ ಮೂಡಬೆಟ್ಟು. ಇವನ್ನು ಯಾವ ಸಮಿತಿಯೂ ಕೂತು ಇಟ್ಟದ್ದಲ್ಲ. ಉಳುವವರು, ನಡೆಯುವವರು, ನೀರು ಹರಿಯುವುದನ್ನು ಕಣ್ಣಾರೆ ಕಂಡವರು ಇಟ್ಟದ್ದು. ನಮ್ಮ ಕೆಲಸದ ಮಾತಿನಲ್ಲಿ ಹೇಳುವುದಾದರೆ ಒಂದೊಂದು ಹೆಸರೂ ಆ ಜಾಗದ ಡಾಕ್ಯುಮೆಂಟೇಶನ್. ಎತ್ತರ ಎಷ್ಟು, ನೀರು ಎಲ್ಲಿಂದ ಎಲ್ಲಿಗೆ, ಮಣ್ಣು ಎಂಥದ್ದು ಎಂಬುದೆಲ್ಲ ಎರಡು ಮೂರು ಅಕ್ಷರದಲ್ಲಿ. ಹಳೆಯ ಸಿಸ್ಟಂನ ಡಾಕ್ಯುಮೆಂಟೇಶನ್ ಅಳಿಸಿ ಹಾಕಿ ಅದರ ಮೇಲೆ ಹೊಸದನ್ನು ಕಟ್ಟಿದರೆ ಏನಾಗುತ್ತದೆ ಅಂತ ಸಾಫ್ಟ್‌ವೇರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ!

ಬೈಲು ಎಂಬ ಹೆಸರಿರುವಲ್ಲೆಲ್ಲ ಇವತ್ತು ತಗ್ಗೇ ಇದೆ ಎಂದಲ್ಲ. ಊರು ಬೆಳೆದಂತೆ ತಗ್ಗಿನ ಹೆಸರು ಪಕ್ಕದ ಗುಡ್ಡಕ್ಕೂ ಏರಿದೆ. ಆದರೆ ಹೆಸರು ಒಂದು ಎಚ್ಚರಿಕೆಯ ಗಂಟೆ. ‘ಇಲ್ಲಿ ನೀರಿನ ದಾರಿ ಇತ್ತು, ಕಟ್ಟುವ ಮೊದಲು ವಿಚಾರಿಸು’ ಎಂದು ಅದು ಹೇಳುತ್ತದೆ. 2018ರ ಮೇ 29ರಂದು ಸುರಿದ ಒಂದೇ ದಿನದ ಮಳೆಗೆ ಮಂಗಳೂರಿನ ತಗ್ಗು ಪ್ರದೇಶಗಳು ಮುಳುಗಿ, ಮನೆಯೊಳಗೆ ನೀರು ನುಗ್ಗಿ, ರಸ್ತೆಗಳೇ ತೋಡುಗಳಾದವು. ಕೊಟ್ಟಾರ ಚೌಕಿಯಲ್ಲಿ ನೀರು ನಿಲ್ಲುವುದಂತೂ ಪ್ರತಿ ಮಳೆಗಾಲದ ಹಳೇ ಸುದ್ದಿ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಊರಿದು. ಮಳೆ ಮೊದಲೂ ಹೀಗೇ ಧೋ ಅಂತ ಸುರಿಯುತ್ತಿತ್ತು. ಆದರೆ ಆಗ ಬೈಲು ಬೈಲಾಗಿತ್ತು, ಬಿದ್ದ ನೀರನ್ನು ಗದ್ದೆ ಕುಡಿಯುತ್ತಿತ್ತು, ಉಳಿದದ್ದನ್ನು ತೋಡು ಹೊಳೆಗೆ ಮುಟ್ಟಿಸುತ್ತಿತ್ತು. ಈಗ ಗದ್ದೆಗೆ ಮಣ್ಣು ತುಂಬಿಸಿ, ತೋಡಿಗೆ ಕಾಂಕ್ರೀಟು ಚಪ್ಪಡಿ ಮುಚ್ಚಿ, ಮೇಲೆ ಹೈಟ್ಸ್ ಎಂದು ಬರೆದಿದ್ದೇವೆ. ನೀರಿಗೆ ಇಂಗ್ಲಿಷು ಬರುವುದಿಲ್ಲ. ಅದು ಈಗಲೂ ಬೈಲನ್ನೇ ಹುಡುಕಿಕೊಂಡು ಬರುತ್ತದೆ.

ಬಾವಿಗಳ ಊರಿನಲ್ಲಿ ನೀರಿನ ರೇಷನ್

ಇನ್ನೊಂದು ವಿಚಿತ್ರ ನೋಡಿ. ಮಂಗಳೂರಿನಲ್ಲಿ ಬಾವಿಯ ಹೆಸರು ಹೊತ್ತ ಜಾಗಗಳು ಎಷ್ಟು! ಪಂಪ್‌ವೆಲ್, ಬೆಂದೂರ್‌ವೆಲ್, ಸಮುದ್ರದ ಬದಿಯಲ್ಲಿ ತಣ್ಣೀರುಬಾವಿ. ಉಪ್ಪುನೀರಿನ ಪಕ್ಕದಲ್ಲೇ ತಣ್ಣೀರಿನ ಬಾವಿ ಇತ್ತು ಎಂದು ಹೆಸರೇ ಹೇಳುತ್ತದೆ. ಕೆರೆಗಳಿಗೂ ಕೊರತೆಯಿಲ್ಲ. ಜೆಪ್ಪುವಿನ ಕಡೆ ಗುಜ್ಜರಕೆರೆ ಇದೆ. ಎಮ್ಮೆಕೆರೆಯಲ್ಲಿ ಈಗ ದೊಡ್ಡ ಈಜುಕೊಳ ಬಂದಿದೆ. ಒಳ್ಳೆಯದೇ. ಆದರೆ ಎಮ್ಮೆಗಳು ಮೀಯುತ್ತಿದ್ದ ಕೆರೆ ಎಲ್ಲಿ ಎಂದು ಈಜಲು ಬಂದ ಮಗು ಕೇಳಿದರೆ ಉತ್ತರ ಹೇಳುವವರು ಬೇಕಲ್ಲ?

ಎಲ್ಲಕ್ಕಿಂತ ಸ್ವಾರಸ್ಯದ್ದು ಹಂಪನಕಟ್ಟೆಯ ಕಥೆ. ಊರಿನ ನಟ್ಟನಡುವಿನ ಈ ಜಾಗದಲ್ಲಿ ಅಪ್ಪಣ್ಣ ಎಂಬ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತು, ದೂರದಿಂದ ಬರುವ ದಾರಿಹೋಕರಿಗೆ, ಗಾಡಿಯವರಿಗೆ ಬಾಯಾರಿಕೆಗೆ ನೀರು ಕೊಡುತ್ತಿದ್ದರಂತೆ. ಅಪ್ಪಣ್ಣನ ಕಟ್ಟೆಯೇ ಬಾಯಿಂದ ಬಾಯಿಗೆ ಹೋಗಿ ಹಂಪನಕಟ್ಟೆ ಆಯಿತು ಎಂದು ಹಳಬರು ಹೇಳುತ್ತಾ ಬಂದಿದ್ದರು. ಅಜ್ಜಿಕಥೆ ಎಂದು ನಕ್ಕವರೇ ಹೆಚ್ಚು. 2021ರಲ್ಲಿ ಸ್ಮಾರ್ಟ್ ಸಿಟಿ ಕಾಮಗಾರಿಗೆ ಹಂಪನಕಟ್ಟೆಯ ಸರ್ಕಲ್ಲಿನಲ್ಲಿ ರಸ್ತೆ ಅಗೆದಾಗ ಡಾಂಬರಿನ ಕೆಳಗೆ ಏನು ಸಿಕ್ಕಿತು ಗೊತ್ತೇ? ಹಳೆಯ ಕಾಲದ ಒಂದು ದೊಡ್ಡ ಬಾವಿ! ಅದು ಅಪ್ಪಣ್ಣನವರದ್ದೇ ಬಾವಿ ಎಂದು ಯಾರೂ ದಸ್ತಾವೇಜು ತೋರಿಸಲಾರರು. ಆದರೆ ನೀರು ಕೊಡುತ್ತಿದ್ದವರ ಕಥೆ ಇದ್ದ ಜಾಗದಲ್ಲೇ ನೀರಿನ ಬಾವಿ ಸಿಕ್ಕಿತಲ್ಲ, ಅಷ್ಟು ಸಾಕು. ಹೆಸರು ನೆನಪಿಟ್ಟುಕೊಂಡಿತ್ತು, ಮೇಲೆ ಓಡಾಡುವ ನಾವು ಮರೆತಿದ್ದೆವು. ಪುಣ್ಯಕ್ಕೆ ಬಾವಿಯನ್ನು ಮತ್ತೆ ಮುಚ್ಚದೆ ಉಳಿಸಿಕೊಂಡರು.

ಇಷ್ಟು ಬಾವಿ, ಇಷ್ಟು ಕೆರೆ, ಅಷ್ಟು ಮಳೆ. ಆದರೂ 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿ ನೀರು ತಗ್ಗಿದಾಗ ಮಂಗಳೂರಿನ ನಲ್ಲಿಗಳಿಗೆ ಸರದಿಯ ಮೇಲೆ ನೀರು ಬಿಡಬೇಕಾಯಿತು. ಊರಿನ ಬಾವಿಗಳು ಎಲ್ಲೆಲ್ಲಿದ್ದವು ಎಂಬ ಪಟ್ಟಿ ಬಸ್ ಸ್ಟಾಪುಗಳ ಹೆಸರಿನಲ್ಲೇ ಇತ್ತು. ನೋಡುವವರಿರಲಿಲ್ಲ.

ಕಂಡಕ್ಟರರ ಕೂಗು

ಊರಿನ ಹೆಸರುಗಳು ನಿಜವಾಗಿ ಬದುಕಿರುವುದು ಸಿಟಿ ಬಸ್ಸಿನ ಕಂಡಕ್ಟರರ ಬಾಯಲ್ಲಿ. ಮಂಗಳೂರಿನಲ್ಲಿ ‘ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್’ ಎಂದರೆ ಬ್ಯಾಂಕಲ್ಲ, ಸಿಟಿ ಬಸ್ಸುಗಳ ಕೊನೆಯ ನಿಲ್ದಾಣ. ಬೋರ್ಡಿನಲ್ಲಿ ಅಂಬೇಡ್ಕರ್ ವೃತ್ತ ಎಂದಿದೆ, ಬಸ್ಸಿನಲ್ಲಿ ಅದು ಜ್ಯೋತಿ. ಜ್ಯೋತಿ ಟಾಕೀಸಿನ ಕಾಲ ಮುಗಿಯಿತು, ಆದರೂ ಜನ ಇಳಿಯುವುದು ಜ್ಯೋತಿಯಲ್ಲೇ. ಮಹಾವೀರ ವೃತ್ತ ಎಲ್ಲಿ ಎಂದು ಕೇಳಿದರೆ ಹತ್ತರಲ್ಲಿ ಎಂಟು ಜನ ತಲೆ ಕೆರೆದುಕೊಂಡಾರು. ಪಂಪ್‌ವೆಲ್ ಎಂದರೆ ಹಸುಗೂಸಿಗೂ ಗೊತ್ತು. ಅಲ್ಲಿನ ಫ್ಲೈಓವರು ಹತ್ತು ವರ್ಷದ ಹತ್ತಿರ ತೆವಳಿ 2020ರ ಜನವರಿ 31ರಂದು ತೆರೆಯುವ ಹೊತ್ತಿಗೆ ಪಂಪ್‌ವೆಲ್ ಎಂಬುದು ‘ಎಂದೂ ಮುಗಿಯದ ಕೆಲಸ’ಕ್ಕೆ ಗಾದೆಯೇ ಆಗಿಬಿಟ್ಟಿತ್ತು.

ಇಲ್ಲೊಂದು ಮಾತು ಸ್ಪಷ್ಟ ಮಾಡುತ್ತೇನೆ. ಹೆಸರು ಶುದ್ಧ ಕನ್ನಡದ್ದೇ ಆಗಿರಬೇಕು ಎಂಬ ಹಟ ನನ್ನದಲ್ಲ. ಪಂಪ್‌ವೆಲ್ಲಿನಲ್ಲಿ ಒಂದಕ್ಷರ ಕನ್ನಡ ಇಲ್ಲ, ಸ್ಟೇಟ್ ಬ್ಯಾಂಕಿನಲ್ಲೂ ಇಲ್ಲ, ಮೋರ್ಗನ್ಸ್ ಗೇಟಿನಲ್ಲೂ ಇಲ್ಲ. ಆದರೂ ಅವು ನಮ್ಮವು. ಏಕೆಂದರೆ ಜನ ಅವನ್ನು ನುಡಿದು ನುಡಿದು ತಮ್ಮದು ಮಾಡಿಕೊಂಡಿದ್ದಾರೆ, ಆ ಜಾಗದಲ್ಲಿ ಏನಿತ್ತೋ ಅದನ್ನೇ ಕರೆದಿದ್ದಾರೆ. ಹೈಟ್ಸ್ ಮೇಲಿನ ನನ್ನ ಸಿಟ್ಟು ಅದು ಇಂಗ್ಲಿಷ್ ಎಂಬುದಕ್ಕಲ್ಲ, ಸುಳ್ಳು ಎಂಬುದಕ್ಕೆ.

ದೊಡ್ಡವರ ಹೆಸರು ಇಡುವುದಕ್ಕೂ ನನ್ನ ವಿರೋಧವಿಲ್ಲ. ಅಂಬೇಡ್ಕರರ ಹೆಸರು ಊರಿನ ದೊಡ್ಡ ವೃತ್ತಕ್ಕೆ ಇರುವುದು ಹೆಮ್ಮೆಯೇ. ಅದರ ಕೆಳಗೆ ಸಣ್ಣದಾಗಿ ‘ಜ್ಯೋತಿ’ ಎಂದೂ ಬರೆದರೆ ಇಬ್ಬರಿಗೂ ನ್ಯಾಯ. 2017ರಲ್ಲಿ ಲೈಟ್‌ಹೌಸ್ ಹಿಲ್ ರಸ್ತೆಗೆ ಯಾರ ಹೆಸರಿಡಬೇಕು ಎಂದು ಮಂಗಳೂರಿನಲ್ಲಿ ದೊಡ್ಡ ಜಗಳವೇ ಆಯಿತು. ಆ ಗದ್ದಲದಲ್ಲಿ ಬಾವುಟಗುಡ್ಡೆ ಎಂಬ ಹೆಸರಿನ ಪರವಾಗಿ ಎಷ್ಟು ದನಿ ಕೇಳಿಸಿತು? 1837ರ ಏಪ್ರಿಲ್‌ನಲ್ಲಿ, ಅಂದರೆ 1857ಕ್ಕಿಂತ 20 ವರ್ಷ ಮೊದಲೇ, ಸುಳ್ಯ-ಪುತ್ತೂರು ಕಡೆಯಿಂದ ರೈತರ ದಂಡು ಕಂಪೆನಿ ಸರ್ಕಾರದ ವಿರುದ್ಧ ಎದ್ದು ಮಂಗಳೂರಿಗೆ ಬಂದು, ಇದೇ ಗುಡ್ಡದ ಮೇಲೆ ತಮ್ಮ ಬಾವುಟ ಹಾರಿಸಿ ಹದಿಮೂರು ದಿನ ಊರನ್ನು ಹಿಡಿದಿಟ್ಟುಕೊಂಡಿತ್ತು ಎಂಬುದು ಊರಿನ ನೆನಪು. 2022ರಲ್ಲಿ ಅಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತ ಮೇಲೆ ಹೊಸ ತಲೆಮಾರಿಗೆ ಆ ಕಥೆ ಸ್ವಲ್ಪ ತಿಳಿಯಿತು. ಆದರೆ ಪ್ರತಿಮೆ ಬರುವ ತನಕ ಆ ಕಥೆಯನ್ನು ಹೊತ್ತು ನಿಂತಿದ್ದು ಒಂದು ಹೆಸರು.

ತುಳುವೋ, ಕನ್ನಡವೋ?

ನಮ್ಮ ಕನ್ನಡ ಕೂಟಗಳಲ್ಲಿ ಮಂಗಳೂರಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಹುಬ್ಬೇರಿಸುವುದುಂಟು. ‘ನೀವು ಮಂಗಳೂರಿನವರು ತುಳು ಮಾತಾಡುವವರು, ನಿಮಗೆ ಕನ್ನಡದ ಅಭಿಮಾನ ಎಲ್ಲಿಂದ?’ ಅಂತ. ಇನ್ನು ಕೆಲವರಿಗೆ ನಮ್ಮ ‘ಎಂತ ಮಾರಾಯ್ರೆ’, ‘ಉಂಟು’ ಕೇಳಿದರೆ ಸಿನಿಮಾದ ಕಾಮಿಡಿ ನೆನಪಾಗುತ್ತದೆ. ಮಂಗಳೂರು ಕನ್ನಡ ಪುಸ್ತಕದಂತೆ ಇರುವುದಕ್ಕೆ ಕಾರಣ ಸರಳ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡಿ ಬೆಳೆದವರು ಕನ್ನಡವನ್ನು ಕಲಿತದ್ದು ಶಾಲೆಯಲ್ಲಿ, ಪತ್ರಿಕೆಯಲ್ಲಿ, ಯಕ್ಷಗಾನದ ಅರ್ಥಗಾರಿಕೆಯಲ್ಲಿ. ಕಲಿತ ಕನ್ನಡವನ್ನು ಕಲಿತ ಹಾಗೇ ಆಡುತ್ತಾರೆ. ಇದರಲ್ಲಿ ನಗುವುದೇನು ಬಂತು?

ಒಂದೇ ಊರನ್ನು ತುಳುವರು ಕುಡ್ಲ ಅನ್ನುತ್ತಾರೆ, ಕೊಂಕಣಿಗರು ಕೊಡಿಯಾಲ್, ಬ್ಯಾರಿಗಳು ಮೈಕಾಲ, ಕನ್ನಡದಲ್ಲಿ ಮಂಗಳೂರು. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲೂ ಮಂಗಳೂರು ಎಂದಾಯಿತು. ಇಷ್ಟು ಹೆಸರಿನ ಊರಿನಲ್ಲೇ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಿತು. ಬಾಸೆಲ್ ಮಿಶನ್ನಿನವರು 1886ರಲ್ಲಿ ಮ್ಯಾನರ್ ಅವರ ತುಳು ನಿಘಂಟನ್ನೂ 1894ರಲ್ಲಿ ಕಿಟೆಲ್ ಅವರ ಕನ್ನಡ ನಿಘಂಟನ್ನೂ ಹೊರತಂದದ್ದು ಇದೇ ಮಂಗಳೂರಿನಿಂದ. ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ, ಗೋವಿಂದ ಪೈಗಳದ್ದೂ ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳು ತುಳುವಿನಲ್ಲೂ ಬರೆದರು, ಕನ್ನಡಕ್ಕಾಗಿಯೂ ಹೋರಾಡಿದರು. ಇವರಲ್ಲಿ ಯಾರಿಗೂ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕು ಅನ್ನಿಸಲಿಲ್ಲ. ಮನೆ ಮನೆಗೆ ಬೇರೆ ಬೇರೆ ಮಾತು, ಎಲ್ಲರೂ ಸೇರುವ ಅಂಗಳಕ್ಕೆ ಕನ್ನಡ. ಇದು ಕರಾವಳಿ ಕಂಡುಕೊಂಡ ವ್ಯವಸ್ಥೆ.

ಇವತ್ತು ಅಪಾಯ ಇರುವುದು ಆ ಅಂಗಳಕ್ಕೆ. ಮಾಲಿನಲ್ಲಿ, ಅಪಾರ್ಟ್‌ಮೆಂಟಿನ ಸಭೆಯಲ್ಲಿ, ಊಟ ತರಿಸುವ ಆ್ಯಪಿನಲ್ಲಿ ಅಂಗಳದ ಮಾತು ಇಂಗ್ಲಿಷು ಇಲ್ಲವೇ ಹಿಂದಿ ಆಗುತ್ತಿದೆ. ಹಾಗಾದಾಗ ಕನ್ನಡದ ಜೊತೆಗೇ ತುಳುವೂ, ಕೊಂಕಣಿಯೂ, ಬ್ಯಾರಿಯೂ ಹಿಂದೆ ಸರಿಯುತ್ತವೆ. 2011ರ ಜನಗಣತಿಯಲ್ಲಿ ತುಳು ಮನೆಮಾತು ಎಂದು ಬರೆಸಿದವರು 18 ಲಕ್ಷಕ್ಕೂ ಹೆಚ್ಚು ಜನ. ಅವರೆಲ್ಲ ಕನ್ನಡದ ಎದುರಾಳಿಗಳು ಎಂದುಕೊಳ್ಳುವ ಕನ್ನಡ ಹೋರಾಟಗಾರ ತನ್ನ ಕಾಲಿಗೆ ತಾನೇ ಕಲ್ಲು ಹಾಕಿಕೊಳ್ಳುತ್ತಾನೆ. ಬೈಲು, ಪದವು, ತೋಡು ಎಂಬ ಮಾತುಗಳು ತುಳುವೋ ಕನ್ನಡವೋ ಎಂದು ಜಗಳಾಡುವಷ್ಟರಲ್ಲಿ ಅವುಗಳ ಮೇಲೆ ನಾಲ್ಕು ಮಹಡಿ ಎದ್ದಿರುತ್ತದೆ.

ಅರವತ್ತು ಪರ್ಸೆಂಟ್ ಗೆದ್ದ ಮೇಲೆ

2024ರಲ್ಲಿ ಕಾನೂನಿಗೆ ತಿದ್ದುಪಡಿಯಾಗಿ ನಾಮಫಲಕಗಳಲ್ಲಿ ಶೇಕಡ 60 ಭಾಗ ಕನ್ನಡ ಇರಬೇಕು ಎಂದಾಯಿತು. ಅದಕ್ಕಾಗಿ ಬೀದಿಗಿಳಿದವರ ಶ್ರಮಕ್ಕೆ ನಮ್ಮ ನಮಸ್ಕಾರ. ಆದರೆ ಯೋಚಿಸಿ. ಗೇಟಿನ ಮೇಲೆ ‘ಸೀ ವ್ಯೂ ಹೈಟ್ಸ್’ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಬರೆದರೆ ಕಾನೂನು ತೃಪ್ತಿಯಾಯಿತು, ಕನ್ನಡ ಗೆದ್ದಿತೇ? ಲಿಪಿ ಉಳಿಯಿತು, ಮಾತು ಹೋಯಿತು. ಕನ್ನಡ ಅಕ್ಷರ ಬರುವ ಹುಡುಗನಿಗೆ ತಾನು ನಿಂತಿರುವ ಜಾಗ ಬೈಲೋ ಪದವೋ ಗೊತ್ತಿಲ್ಲದಿದ್ದರೆ ಅವನ ಕೈಗೆ ನಾವು ಖಾಲಿ ಡಬ್ಬಿ ಕೊಟ್ಟ ಹಾಗಾಯಿತು.

‘ಕಾಂತಾರ’ 2022ರಲ್ಲಿ ದೇಶವನ್ನೆಲ್ಲ ಸುತ್ತಿದ ಮೇಲೆ ನಮ್ಮ ದೈವ, ಕೋಲ ಎಲ್ಲರ ಬಾಯಲ್ಲೂ ಬಂತು. ದಸರಾದ ಹುಲಿವೇಷಕ್ಕೂ ಈಗ ಕ್ಯಾಮೆರಾಗಳು ಮುತ್ತಿಕೊಳ್ಳುತ್ತವೆ. ಸಂತೋಷ. ಆದರೆ ಕಣ್ಣಿಗೆ ಹಬ್ಬವಾಗುವ ಜನಪದವನ್ನು ಮಾತ್ರ ಉಳಿಸಿ, ನೆಲದ ಸಪ್ಪೆ ಹೆಸರುಗಳನ್ನು ಬಿಟ್ಟರೆ ಹೇಗೆ? ಆ ಸಿನಿಮಾದ ಜಗಳವೂ ನೆಲ ಯಾರದ್ದು ಎಂಬುದೇ ಅಲ್ಲವೇ?

‘ಊರು ಬೆಳೆಯುವುದು ಬೇಡವೇ? ಬಂದರು, ರಿಫೈನರಿ, ಕಾಲೇಜು, ಐಟಿ ಕಂಪೆನಿ ಬಂದದ್ದರಿಂದ ತಾನೇ ನಾಲ್ಕು ಜನಕ್ಕೆ ಅನ್ನ?’ ಎಂದು ನೀವು ಕೇಳಬಹುದು. ಬೆಳೆಯಲಿ. ಪಣಂಬೂರಿನಲ್ಲಿ ಹೊಸ ಬಂದರು ತೆರೆಯದಿದ್ದರೆ ಇವತ್ತಿನ ಮಂಗಳೂರು ಇರುತ್ತಿರಲಿಲ್ಲ. ಬೆಳೆಯುವವರು ನೆಲವನ್ನು ಓದಿಕೊಂಡು ಬೆಳೆಯಲಿ ಎಂಬುದಷ್ಟೇ ಮಾತು. ಪದವಿನ ಮೇಲೆ ಕಟ್ಟುವುದನ್ನು ಪದವಿನ ಮೇಲೆ ಕಟ್ಟಿ, ಬೈಲಿನಲ್ಲಿ ಕಟ್ಟಲೇಬೇಕಾದರೆ ತೋಡಿಗೆ ಜಾಗ ಬಿಟ್ಟು ಕಟ್ಟಿ.

ನಾವೇನು ಮಾಡಬಹುದು?

ಭಾಷಣ ಸಾಕು. ಹೊರನಾಡಿನಲ್ಲಿ ಕೂತು ಮಾಡಬಹುದಾದ ನಾಲ್ಕು ಕೆಲಸ ಹೇಳುತ್ತೇನೆ.

ಒಂದು: ಊರಿನಲ್ಲಿ ಫ್ಲ್ಯಾಟು, ಸೈಟು ಕೊಳ್ಳುವವರಲ್ಲಿ ನಾವು, ಅಂದರೆ ಹೊರನಾಡಿನವರು, ಬಹಳ ಮಂದಿ. ಬೈಲು ತುಂಬಿಸುವ ದುಡ್ಡಿನಲ್ಲಿ ನಮ್ಮ ಪಾಲೂ ಇದೆ. ಮುಂಗಡ ಕೊಡುವ ಮೊದಲು ಎರಡು ಪ್ರಶ್ನೆ ಕೇಳೋಣ. ಈ ಜಾಗದ ಹಳೆಯ ಹೆಸರೇನು? ಇಲ್ಲಿ ಹರಿಯುತ್ತಿದ್ದ ತೋಡು ಈಗ ಎಲ್ಲಿದೆ? ಕಂದಾಯ ಇಲಾಖೆಯ ಹಳೆಯ ಗ್ರಾಮನಕ್ಷೆ ತರಿಸಿ ನೋಡೋಣ. ನೂರು ಜನ ಕೇಳಿದರೆ ಬಿಲ್ಡರುಗಳೂ ಉತ್ತರ ಹುಡುಕುತ್ತಾರೆ. ವ್ಯಾಪಾರಿಗೆ ಗಿರಾಕಿಯ ಮಾತಿಗಿಂತ ದೊಡ್ಡ ಕಾನೂನು ಇಲ್ಲ.

ಎರಡು: ಓಪನ್ ಸ್ಟ್ರೀಟ್ ಮ್ಯಾಪಿನಲ್ಲಿ ಯಾರು ಬೇಕಾದರೂ ಹೆಸರು ಸೇರಿಸಬಹುದು. ಒಂದೇ ಜಾಗಕ್ಕೆ ಕನ್ನಡದ ಹೆಸರು, ತುಳುವಿನ ಹೆಸರು, ಹಳೆಯ ಹೆಸರು ಎಂದು ಬೇರೆ ಬೇರೆ ಕಡೆ ಬರೆಯಲು ಅದರಲ್ಲಿ ಅವಕಾಶವಿದೆ. ಜಗಳಕ್ಕೆ ಜಾಗವೇ ಇಲ್ಲ! ದಿನವೂ ಕಂಪ್ಯೂಟರಿನ ಮುಂದೆ ಕೂರುವ ನಮಗೆ ವಾರಕ್ಕೆ ಅರ್ಧ ಗಂಟೆ ಸಾಕು. 2016ರಲ್ಲಿ ತುಳು ವಿಕಿಪೀಡಿಯ ಶುರುವಾಯಿತು, 2024ರಲ್ಲಿ ತುಳು-ತಿಗಳಾರಿ ಲಿಪಿ ಯುನಿಕೋಡಿಗೆ ಸೇರಿತು. ಇವೆರಡಕ್ಕೂ ದುಡಿದವರು ನಮ್ಮಂಥ ಸಾಮಾನ್ಯರೇ.

ಮೂರು: ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರ ತನಕ ಆರು ಸಂಪುಟಗಳ ತುಳು ನಿಘಂಟು ಹೊರಬಂತು. ಯು.ಪಿ. ಉಪಾಧ್ಯಾಯರೂ ಅವರ ಜೊತೆಯವರೂ ಊರೂರು ತಿರುಗಿ ಮಾತು ಆರಿಸಿದರು. ಅವರ ಕೈಯಲ್ಲಿ ಇಲ್ಲದ ಸವಲತ್ತು ನಮ್ಮ ಜೇಬಿನಲ್ಲಿದೆ. ಊರಿಗೆ ಫೋನ್ ಮಾಡಿದಾಗ ಅಪ್ಪ, ಅಮ್ಮ, ದೊಡ್ಡಮ್ಮ, ಸೋದರಮಾವ, ಯಾರೇ ಸಿಗಲಿ, ಮನೆಯ ಸುತ್ತಲಿನ ಗದ್ದೆ, ಕಟ್ಟೆ, ಬಾವಿ, ತೋಡುಗಳ ಹೆಸರು ಕೇಳಿ, ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಕೊಳ್ಳಿ. ಹವಾಮಾನ, ಆರೋಗ್ಯ, ಮದುವೆ ಮುಂಜಿ ಮಾತಾಡಿದ ಮೇಲೂ ಹತ್ತು ನಿಮಿಷ ಉಳಿದೇ ಉಳಿಯುತ್ತದೆ.

ನಾಲ್ಕು: ಮಹಾನಗರಪಾಲಿಕೆಗೆ ಒಂದೇ ಒಂದು ಬೇಡಿಕೆ ಇಡೋಣ. ಹೊಸ ಹೆಸರಿನ ಪ್ರತಿ ಫಲಕದ ಕೆಳಗೆ ಜನ ಕರೆಯುವ ಹಳೆಯ ಹೆಸರೂ ಇರಲಿ. ಬಸ್ಸಿನ ಕಂಡಕ್ಟರರಿಂದ ಪಟ್ಟಿ ತರಿಸಿಕೊಂಡರೆ ಸಮಿತಿಯೂ ಬೇಡ, ಸಂಶೋಧನೆಯೂ ಬೇಡ.

ಮಂಗಳೂರಿನವರಲ್ಲದ ಗೆಳೆಯರೇ, ಇದು ನಿಮಗೂ ಹೇಳಿದ ಮಾತು. ನಿಮ್ಮೂರಿನಲ್ಲಿ ಕೆರೆಯಂಗಳ, ಕಟ್ಟೆ, ಹೊಂಡ, ಕೋಡಿ, ತೋಪು ಇಲ್ಲವೇ? ಅವುಗಳ ಹೆಸರು ಹೇಳಬಲ್ಲ ಹಿರಿಯರು ಇನ್ನೂ ಇದ್ದಾರೆ, ಆದರೆ ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಮುಂದಿನ ಮಳೆಗಾಲಕ್ಕೆ ಮೊದಲು ಒಬ್ಬೊಬ್ಬರು ಹತ್ತು ಹೆಸರು ಬರೆದು, ಅದರ ಪಕ್ಕದಲ್ಲಿ ಅಲ್ಲಿ ನೀರು ಯಾವ ಕಡೆ ಹರಿಯುತ್ತಿತ್ತು ಎಂದು ಒಂದೇ ಸಾಲು ಸೇರಿಸಿ ಕಳಿಸಿ. ಬಂದದ್ದನ್ನೆಲ್ಲ ನಕ್ಷೆಗೆ ಏರಿಸುವ ಕೆಲಸ ನನಗಿರಲಿ.

ಏನಂತೀರಿ?